ಬೆಟ್ಟ ಉಬ್ಬಿದ ಹದಿನಾಲ್ಕು ತಿಂಗಳು

ನಕ್ಷೆಯಲ್ಲಿ ಗೆರೆ ಏರುತ್ತಲೇ ಇತ್ತು. ವಾರಕ್ಕೆ ಅರ್ಧ ಅಂಕ, ಮುಕ್ಕಾಲು ಅಂಕ, ಈಚೀಚೆಗೆ ಒಂದೂಕಾಲು. ಹದಿನಾಲ್ಕು ತಿಂಗಳಲ್ಲಿ ಒಂದೇ ಒಂದು ವಾರ ಕೆಳಗಿಳಿದಿದ್ದರೂ ಅವಳು ನೆಮ್ಮದಿಯಾಗಿ ಕೂತು ಒಂದು ಲೋಟ ಚಹಾ ಕುಡಿಯುತ್ತಿದ್ದಳು. ಅದು ಇಳಿಯಲಿಲ್ಲ. ಈಗ ನಲವತ್ತೆರಡಕ್ಕೆ ಬಂದಿತ್ತು. ಐವತ್ತು ಮುಟ್ಟಿದರೆ ಬೆಟ್ಟದ ಬುಡದ ಹಳ್ಳಿಯನ್ನು ಖಾಲಿ ಮಾಡಿಸಬೇಕು ಎಂದು ಹಿಂದಿನವರು ಬರೆದಿಟ್ಟ ನಿಯಮವಿತ್ತು. ಮುನ್ನೂರ ಹನ್ನೆರಡು ಮನೆ, ಒಂದು ಶಾಲೆ, ಯಾರೂ ಸರಿಯಾಗಿ ಎಣಿಸದ ಕುರಿಗಳು. ಐವತ್ತು ಮುಟ್ಟುವವರೆಗೆ ಕಾಯಬೇಕೋ, ಈಗಲೇ ಜನರನ್ನು ಎಬ್ಬಿಸಬೇಕೋ ಎಂದು ಶುಕ್ರವಾರದ ಸಭೆಯಲ್ಲಿ ಅವಳು ಹೇಳಬೇಕಿತ್ತು.

ಬೆಟ್ಟವೆಂದರೆ ಜ್ವಾಲಾಮುಖಿ. ಅಜ್ಜನ ಕಾಲದಿಂದ ಬಾಯಿ ಮುಚ್ಚಿಕೊಂಡು ಕೂತಿದೆ, ಆದರೆ ಸತ್ತಿಲ್ಲ. ಒಳಗಿನ ಕರಗಿದ ಕಲ್ಲು ಮೇಲೇಳತೊಡಗಿದರೆ ಮೊದಲು ಬೆಟ್ಟದ ಮೈ ಉಬ್ಬುತ್ತದೆ. ಉಬ್ಬುವುದೆಂದರೆ ಕಣ್ಣಿಗೆ ಕಾಣುವಂತೆ ಅಲ್ಲ, ಕೂದಲೆಳೆಯಲ್ಲಿ ನೂರನೇ ಒಂದು ಪಾಲು. ಅದನ್ನು ಅಳೆಯುವುದಕ್ಕೇ ಪಟ್ಟಣದಲ್ಲಿ ಒಂದು ವೀಕ್ಷಣಾಲಯವಿತ್ತು. ಅಲ್ಲಿ ಅಳತೆಗಳನ್ನು ನಕ್ಷೆಗೆ ಇಳಿಸಿ ಅರ್ಥ ಹೇಳುವ ಕೆಲಸ ಅವಳದು. ದಿನವಿಡೀ ಗೆರೆ ಎಳೆಯುತ್ತಾಳೆಂದು ಸಹೋದ್ಯೋಗಿಗಳು ಅವಳಿಗೆ ಗೆರೆಯಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಬೇಸರವಿರಲಿಲ್ಲ.

ಆ ಅಳತೆಯನ್ನು ದಿನಾ ಬೆಟ್ಟದಿಂದ ತರುತ್ತಿದ್ದವನು ಅವಳ ಅಪ್ಪ.

ಬೆಟ್ಟದ ಅರ್ಧ ಎತ್ತರದಲ್ಲಿ ಬಂಡೆ ಕೊರೆದು ಮಾಡಿದ ಒಂದು ಕೋಣೆಯಿತ್ತು. ನೆಲ ಎಷ್ಟು ವಾಲಿತೆಂದು ಅಳೆಯುವ ಆ ಜಾಗವನ್ನು ವಾಲುಕೋಣೆ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಎರಡು ಕಲ್ಲಿನ ಕಂಬ, ಒಂದೊಂದರ ಮೇಲೆ ಒಂದೊಂದು ನೀರಿನ ಬೋಗುಣಿ, ನಡುವೆ ಉದ್ದದ ಗಾಜಿನ ಕೊಳವೆ. ಬೆಟ್ಟದ ಕಡೆ ನೆಲ ಎದ್ದರೆ ಅತ್ತಲಿನ ಬೋಗುಣಿಯಲ್ಲಿ ನೀರು ಇಳಿಯುತ್ತದೆ. ಎಷ್ಟು ಇಳಿಯಿತೆಂದು ನೋಡಲು ನೀರಿನ ಮೇಲೊಂದು ಸೂಜಿ. ತಿರುಪನ್ನು ಉಸಿರು ಬಿಗಿಹಿಡಿದು ತಿರುಗಿಸುತ್ತ ಹೋದರೆ ಸೂಜಿಯ ಮೊನೆ ನೀರಿನಲ್ಲಿ ಕಾಣುವ ತನ್ನದೇ ಮೊನೆಯನ್ನು ಮುಟ್ಟುತ್ತದೆ. ಆಗ ತಿರುಪಿನ ಮೇಲಿನ ಅಂಕ ಓದಿ ಬರೆದುಕೊಳ್ಳಬೇಕು. ಈ ಕಾಲದಲ್ಲಿ ಇದನ್ನು ಯಂತ್ರವೇ ಮಾಡುತ್ತದೆ, ನಿಜ. ಆದರೆ ಆ ಮಗ್ಗುಲಿನ ಯಂತ್ರ ಸಿಡಿಲಿಗೆ ಸುಟ್ಟುಹೋಗಿ ಎರಡು ವರ್ಷವಾಗಿತ್ತು. ಹೊಸದು ಬರುತ್ತದೆ, ಬರುತ್ತದೆ ಎನ್ನುತ್ತಲೇ ಇದ್ದರು. ಹಾಗಾಗಿ ಹಳೆಯ ಬೋಗುಣಿಗಳಿಗೆ ಮತ್ತೆ ಬಾಳು ಬಂದಿತ್ತು, ಅಪ್ಪನಿಗೂ.

ಆ ಕೆಲಸದಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ, ಬೆಟ್ಟದ ಕಡೆಯ ಕಂಬದ ಬುಡದಲ್ಲಿ ಅದೇ ಚಪ್ಪಡಿಯ ಮೇಲೆ, ಅದೇ ಪಾದ ಮುಂದಿಟ್ಟು ನಿಂತು, ಹತ್ತು ನಿಮಿಷ ಅಲುಗಾಡದೆ ಕಾದು, ಆಮೇಲೆ ಓದುತ್ತಿದ್ದ. ಬೇರೆ ಯಾರನ್ನೂ ತಿರುಪು ಮುಟ್ಟಲು ಬಿಡುತ್ತಿರಲಿಲ್ಲ. "ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಇವತ್ತು ನಾನು, ನಾಳೆ ನೀನು ಅಂತ ಓದಿದ್ರೆ ಅದು ಬೆಟ್ಟದ ಅಳತೆ ಆಗಲ್ಲ, ನಮ್ಮ ಅಳತೆ ಆಗುತ್ತೆ," ಎನ್ನುತ್ತಿದ್ದ. ದೊಡ್ಡವರು, ಅಂದರೆ ವೀಕ್ಷಣಾಲಯದ ಮುಖ್ಯಸ್ಥರು, ಹೊಸಬರಿಗೆ ಪಾಠ ಮಾಡುವಾಗಲೆಲ್ಲ ಈ ಮಾತನ್ನು ಹೇಳಿ ಅಪ್ಪನ ಕಡೆ ಕೈ ತೋರಿಸುತ್ತಿದ್ದರು. ಅಪ್ಪ ತಲೆ ತಗ್ಗಿಸಿಕೊಂಡು ಕೂರುತ್ತಿದ್ದ, ಮುಖದಲ್ಲಿ ಮಾತ್ರ ಹೆಮ್ಮೆ ಉಕ್ಕುತ್ತಿತ್ತು.

ಸೋಮವಾರ ಸಂಜೆ ಮನೆಗೆ ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಪ್ಪನ ಪ್ಯಾಂಟಿನ ಸೊಂಟ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಎದುರು ಕುರ್ಚಿಯಲ್ಲಿ ಚಿಕ್ಕಮ್ಮ.

"ಇದು ಮೂರನೇ ಸಲ," ಎಂದಳು ಅಮ್ಮ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಇನ್ನೊಂದು ಸಲ ಬಿಗಿ ಮಾಡಿದ್ರೆ ಎರಡು ಜೇಬೂ ಒಂದೇ ಕಡೆ ಬರುತ್ತೆ."

"ಭಾವ ಈಗ ಹುಡುಗನ ಥರ ಕಾಣ್ತಾರೆ," ಎಂದಳು ಚಿಕ್ಕಮ್ಮ. "ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ ಭಾವ. ಅವರ ಹೊಟ್ಟೆ ಅವರಿಗಿಂತ ಮೊದಲು ಮನೆ ಒಳಗೆ ಬರುತ್ತೆ."

ಅಪ್ಪ ಪತ್ರಿಕೆಯ ಹಿಂದಿನಿಂದಲೇ, "ನಡೀಬೇಕಮ್ಮ, ನಡೀಬೇಕು," ಎಂದ.

ಹಿಂದಿನ ವರ್ಷದ ತಪಾಸಣೆಯಲ್ಲಿ ವೈದ್ಯರು ತೂಕ ಇಳಿಸಿ ಎಂದಿದ್ದರು. ಅಂದಿನಿಂದ ಅಪ್ಪ ಬೆಟ್ಟದ ಗೇಟಿನಲ್ಲಿ ಜೀಪು ಇಳಿದು ವಾಲುಕೋಣೆಯವರೆಗೆ ನಡೆಯತೊಡಗಿದ್ದ. ಸಕ್ಕರೆ ಬಿಟ್ಟಿದ್ದ. ಮೊದಲೆಲ್ಲ ಮನೆಯವರು ನಕ್ಕಿದ್ದರು, ಆಮೇಲೆ ಭೇಷ್ ಎಂದಿದ್ದರು. ಅವಳೇ ಅವನ ಹುಟ್ಟಿದ ದಿನಕ್ಕೆ ಹೊಸ ಬೆಲ್ಟು ತಂದುಕೊಟ್ಟಿದ್ದಳು. ಅವತ್ತು ಊಟಕ್ಕೆ ಕೂತಾಗ ಅವಳ ತಲೆಯ ತುಂಬ ನಲವತ್ತೆರಡೇ ಇತ್ತು. ಅಪ್ಪನ ತಟ್ಟೆಯ ಕಡೆ ಅವಳು ನೋಡಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಅಪ್ಪನಿಗೆ ಜ್ವರ. ಹಾಗಿದ್ದೂ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದ. ಅಮ್ಮ ಅವನ ಬೂಟುಗಳನ್ನು ಎತ್ತಿ ಕಪಾಟಿನೊಳಗೆ ಇಟ್ಟು ಬೀಗ ಹಾಕಿದಳು.

"ಬೆಟ್ಟ ಒಂದು ದಿನ ಕಾಯುತ್ತೆ," ಎಂದಳು.

"ಅದು ಕಾಯಲ್ಲ ಕಣೇ. ಈ ವಾರವಂತೂ ಕಾಯಲ್ಲ."

"ನಾನು ಓದ್ತೀನಿ ಬಿಡಪ್ಪ," ಎಂದಳು ಮಗಳು. "ನೀನೇ ಕಲಿಸಿದ್ದಲ್ವಾ?"

ಅಪ್ಪ ಮುಖ ಸಿಂಡರಿಸಿದ. ಚಪ್ಪಡಿಯ ಮೇಲೆ ಎಲ್ಲಿ ನಿಲ್ಲಬೇಕು, ಯಾವ ಪಾದ ಮುಂದೆ, ಎಷ್ಟು ಹೊತ್ತು ಕಾಯಬೇಕು ಎಂದು ಹಾಸಿಗೆಯಿಂದಲೇ ಎರಡು ಸಲ ಹೇಳಿದ. ಅವಳು ಚಾಚೂ ತಪ್ಪದೆ ಹಾಗೇ ಮಾಡಿದಳು. ಹತ್ತು ನಿಮಿಷ ಕಾದಳು. ಸೂಜಿಯ ಮೊನೆ ತನ್ನ ಮೊನೆಯನ್ನು ಮುಟ್ಟಿತು. ಅಂಕ ಓದಿದಳು.

ಎಪ್ಪತ್ತನಾಲ್ಕು.

ಕೈ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಎಪ್ಪತ್ತನಾಲ್ಕು. ಮತ್ತೊಮ್ಮೆ. ಅದೇ. ಒಂದೇ ದಿನದಲ್ಲಿ ಮೂವತ್ತೆರಡು ಅಂಕ! ಬೆಟ್ಟ ಅಷ್ಟು ಉಬ್ಬಬೇಕಾದರೆ ಕೆಳಗೆ ನೂರಾರು ಸಣ್ಣ ಕಂಪನಗಳಾದರೂ ಆಗಿರಬೇಕು. ಅವಳು ದೂರವಾಣಿಯಲ್ಲಿ ಕಂಪನದ ಕೋಣೆಯವರನ್ನು ಕೇಳಿದಳು. ಎಲ್ಲ ಸ್ತಬ್ಧ ಎಂದರು. ದೊಡ್ಡವರನ್ನು ಕೇಳಿದಳು.

"ಗಾಬರಿ ಆಗ್ಬೇಡಮ್ಮ," ಎಂದರು ದೊಡ್ಡವರು. ಅವರ ದನಿಯಲ್ಲೇ ಗಾಬರಿಯಿತ್ತು. "ನಾಳೆ ನಿಮ್ಮಪ್ಪ ಓದಲಿ. ಅವರೂ ಇದನ್ನೇ ಹೇಳಿದ್ರೆ ಶುಕ್ರವಾರದವರೆಗೆ ಕಾಯೋದು ಬೇಡ. ನಾಳೆಯೇ ಲಾರಿಗಳನ್ನ ಕಳಿಸೋಣ."

ಬುಧವಾರ ಅಪ್ಪ ಜ್ವರ ಬಿಟ್ಟ ಮುಖ ಹೊತ್ತುಕೊಂಡು ಬಂದ. ಚಪ್ಪಡಿಯ ಮೇಲೆ ನಿಂತ. ಹತ್ತು ನಿಮಿಷ. ಅವಳು ಬಾಗಿಲ ಹೊರಗೆ ಉಗುರು ಕಚ್ಚುತ್ತ ನಿಂತಿದ್ದಳು.

"ನಲವತ್ತೆರಡೂವರೆ," ಎಂದ ಅಪ್ಪ ಒಳಗಿನಿಂದ. "ನಿನ್ನೆ ಏನೋ ಎಡವಟ್ಟು ಮಾಡಿದ್ದೀಯ."

"ಇಲ್ಲಪ್ಪ. ಮೂರು ಸಲ ಓದಿದೀನಿ."

"ತಪ್ಪನ್ನ ಮೂರು ಸಲ ಮಾಡಿದ್ರೆ ಸರಿ ಆಗುತ್ತಾ?"

ಅವಳಿಗೆ ರೇಗಿತು. ಅಪ್ಪನನ್ನು ಪಕ್ಕಕ್ಕೆ ಸರಿಸಿ ತಾನು ನಿಂತಳು. ಅವನು ಹೊರಗೆ ಹೋದ. ಹತ್ತು ನಿಮಿಷದ ಮೇಲೆ ತಿರುಪು ತಿರುಗಿಸಿದಳು. ಎಪ್ಪತ್ತನಾಲ್ಕು. ಅಪ್ಪ ಬಂದು ಕನ್ನಡಕ ಮೇಲೆತ್ತಿ ನೋಡಿದ. ಸೂಜಿ ನೀರನ್ನು ಮುಟ್ಟಿದ್ದು ಸರಿಯಾಗೇ ಇತ್ತು. ಅವನು ನಿಂತ. ನಲವತ್ತೆರಡೂವರೆ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಟ್ಟ ಇವರಿಬ್ಬರಲ್ಲಿ ಯಾರು ಬಂದಿದ್ದಾರೆಂದು ನೋಡಿಕೊಂಡು ಉಬ್ಬುವುದು ಸಾಧ್ಯವಿರಲಿಲ್ಲ.

ಮೊದಲು ಹೊಳೆದದ್ದು ಅವಳಿಗೆ. ಹೊರಗೆ ಜೀಪಿನಲ್ಲಿ ನಿದ್ದೆ ಮಾಡುತ್ತಿದ್ದ ಚಾಲಕನನ್ನು ಕರೆದಳು. ಅವನಿಗೆ ಆನೆಮರಿ ಎಂದೇ ಹೆಸರು. ಜೀಪು ಹತ್ತಿದರೆ ಜೀಪು ಒಂದು ಕಡೆ ಕೂರುತ್ತಿತ್ತು.

"ಇಲ್ಲಿ ಬಂದು ನಿಂತ್ಕೊಳ್ಳಿ. ಅಲುಗಾಡಬೇಡಿ. ನಾನು ಹಿಂದೆ ಈ ಹಲಗೆ ಮೇಲಿಂದ ಬಗ್ಗಿ ಓದ್ತೀನಿ."

"ನಾನೇನು ತಪ್ಪು ಮಾಡಿದೆ ಮೇಡಂ?"

"ಏನಿಲ್ಲ, ಸುಮ್ನೆ ನಿಂತ್ಕೊಳ್ಳಿ."

ಹಲಗೆಯನ್ನು ದೂರದ ಬಂಡೆಗೆ ಆನಿಸಿ, ತನ್ನ ಭಾರ ಚಪ್ಪಡಿಗೆ ತಾಗದಂತೆ ಬಗ್ಗಿ ಓದಿದಳು. ಸೊನ್ನೆಗಿಂತ ಕೆಳಗೆ ಇಪ್ಪತ್ತಾರು. ಅವಳು ಹಲಗೆಯ ಮೇಲೆ ಕೂತು ನಗತೊಡಗಿದಳು. ಆನೆಮರಿ ಗಾಬರಿಯಾಗಿ ಅಪ್ಪನ ಕಡೆ ನೋಡಿದ.

ಅಪ್ಪ ನಗಲಿಲ್ಲ. ಮಂಡಿಯೂರಿ ಕಂಬದ ಬುಡವನ್ನು ಬೆರಳಿನಿಂದ ಸವರುತ್ತಿದ್ದ. ಕಂಬಕ್ಕೂ ನೆಲದ ಚಪ್ಪಡಿಗೂ ನಡುವೆ ಸುತ್ತ ಒಂದು ಬೆರಳಗಲದ ಸಂದು ಬಿಟ್ಟಿರುತ್ತಾರೆ. ನಿಂತವನ ಭಾರ ಕಂಬಕ್ಕೆ ತಾಗಬಾರದೆಂದೇ ಆ ಸಂದು. ಒಂದೂವರೆ ವರ್ಷದ ಹಿಂದೆ ನೀರು ಒಸರುತ್ತದೆಂದು ನೆಲ ರಿಪೇರಿ ಮಾಡಿಸಿದ್ದರು. ಬಂದ ಗಾರೆಯವನು ಅಚ್ಚುಕಟ್ಟು ಮನುಷ್ಯ. ಇದೇನು ಬಿರುಕು ಎಂದುಕೊಂಡು ಸಂದಿಗೆ ಸಿಮೆಂಟು ತುಂಬಿ, ಮೇಲೆ ಬಣ್ಣವನ್ನೂ ಬಳಿದು ಹೋಗಿದ್ದ. ಅಂದಿನಿಂದ ಚಪ್ಪಡಿಯ ಮೇಲೆ ನಿಂತವರ ಭಾರಕ್ಕೆ ಕಂಬ ಚೂರೇ ಚೂರು ತಗ್ಗುತ್ತಿತ್ತು. ರಿಪೇರಿಯ ನಂತರ ಅಪ್ಪ ನಿಂತೇ ಸೊನ್ನೆಯನ್ನು ಹೊಂದಿಸಿದ್ದರಿಂದ, ಅವನ ಭಾರವೂ ಸೊನ್ನೆಯೊಳಗೆ ಸೇರಿಹೋಗಿತ್ತು. ಅವನಿಗಿಂತ ಹಗುರಾದವರು ನಿಂತರೆ ಬೆಟ್ಟ ಎದ್ದಂತೆ ಕಾಣುತ್ತದೆ, ಭಾರದವರು ನಿಂತರೆ ಕುಸಿದಂತೆ. ಬೇರೆ ಯಾರಾದರೂ ಒಂದೇ ಒಂದು ದಿನ ಓದಿದ್ದರೆ ಈ ತಪ್ಪು ಸಿಕ್ಕಿಬೀಳುತ್ತಿತ್ತು. ಅಪ್ಪ ಯಾರನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಹತ್ತು ಹತ್ತು ಕೆಜಿಯ ಮರಳಿನ ಚೀಲಗಳು ಬಂದವು. ಒಂದೊಂದಾಗಿ ಚಪ್ಪಡಿಯ ಮೇಲೆ ಇಡುತ್ತ ಓದಿದರು. ಒಂದು ಕೆಜಿಗೆ ಎರಡು ಅಂಕ, ಹತ್ತು ಕೆಜಿಗೆ ಇಪ್ಪತ್ತು, ಐವತ್ತಕ್ಕೆ ನೂರು. ಎಲ್ಲೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅವಳು ದೊಡ್ಡವರಿಗೆ ದೂರವಾಣಿಯಲ್ಲಿ ಹೇಳಿದಳು.

"ಅಂದ್ರೆ ಬೆಟ್ಟ ಉಬ್ಬಿಲ್ಲ?"

"ಇಲ್ಲ ಸರ್. ಬೆಟ್ಟ ತನ್ನ ಪಾಡಿಗೆ ತಾನಿದೆ. ತೂಕ ಇಳಿದಿದ್ದು ಅಪ್ಪಂದು."

ದೊಡ್ಡವರು ಹೊಟ್ಟೆ ತುಂಬ ನಕ್ಕರು. ಅವಳ ಹೊಟ್ಟೆಗೂ ಹಾಲು ಹೊಯ್ದಂತಾಯಿತು. ಮುನ್ನೂರ ಹನ್ನೆರಡು ಮನೆಯವರು ತಮ್ಮ ತಮ್ಮ ಒಲೆಯ ಮುಂದೆ ತಾವಿರಬಹುದು. ಸಂಜೆಯ ಹೊತ್ತಿಗೆ ಸುದ್ದಿ ವೀಕ್ಷಣಾಲಯದ ಮೂಲೆ ಮೂಲೆಗೂ ಹೋಗಿ, ಹೋದಲ್ಲೆಲ್ಲ ನಗು ಎಬ್ಬಿಸಿತು. ಗೆರೆಯಮ್ಮನ ಅಪ್ಪ ಹೊಟ್ಟೆ ಕರಗಿಸಿ ಒಂದು ಊರನ್ನೇ ಎಬ್ಬಿಸಲಿದ್ದನಂತೆ ಎಂದು ಚಹಾದ ಅಂಗಡಿಯವನೂ ಹೇಳಿದ.

ಗುರುವಾರ ಬೆಳಿಗ್ಗೆ ಅವಳು ಸಭೆಗೆ ವರದಿ ಬರೆಯಲು ಕೂತಳು. ಹಳೆಯ ನಕ್ಷೆಯನ್ನು ಹೊಸದಾಗಿ ಬರೆಯಬೇಕಿತ್ತು. ಎಡಗಡೆಯ ಅಂಚಿನಲ್ಲಿ ಅಂಕಗಳಿದ್ದ ಜಾಗದಲ್ಲಿ ಕೆಜಿ. ಸೊನ್ನೆ ಇದ್ದಲ್ಲಿ ತೊಂಬತ್ತೊಂದು, ಏಕೆಂದರೆ ತಪಾಸಣೆಯ ಚೀಟಿಯಲ್ಲಿ ಹಾಗಿತ್ತು. ನಲವತ್ತೆರಡು ಇದ್ದಲ್ಲಿ ಎಪ್ಪತ್ತು. ಗೆರೆ ಅದೇ, ತಲೆಕೆಳಗು ಮಾಡಿದ್ದಷ್ಟೆ. ಏರುವ ಬದಲು ಇಳಿಯುತ್ತಿತ್ತು.

ಬರೆದು ಮುಗಿಸಿ ಪೆನ್ಸಿಲು ಕೆಳಗಿಟ್ಟಳು. ಆಮೇಲೆ ಮತ್ತೆ ನೋಡಿದಳು. ಅವಳ ಕೆಲಸವೇ ಗೆರೆ ನೋಡುವುದು. ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಮನುಷ್ಯ ಮನಸ್ಸು ಮಾಡಿ ತೂಕ ಇಳಿಸಿದರೆ ಗೆರೆ ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಹಬ್ಬ ಹರಿದಿನಕ್ಕೆ ಒಂದೊಂದು ಚೂರು ಏರುತ್ತದೆ, ಕೊನೆಗೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಮೊದಲು ನಿಧಾನ, ಆಮೇಲೆ ಬೇಗ, ಈ ಆರು ತಿಂಗಳಲ್ಲಿ ಇನ್ನೂ ಬೇಗ. ಒಂದು ವಾರವೂ ಮೇಲೆ ಬಂದಿರಲಿಲ್ಲ. ಬೆಟ್ಟದ ಗೆರೆ ಎಂದುಕೊಂಡಾಗ ಇದೇ ಬಾಗನ್ನು ನೋಡಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಒಳಗೆ ಏನೋ ಬೆಳೆಯುತ್ತಿದೆ ಎಂದು ಅವಳೇ ಹಿಂದಿನ ವರದಿಯಲ್ಲಿ ಬರೆದಿದ್ದಳು.

ಎದ್ದು ಜೀಪಿನ ಹತ್ತಿರ ಹೋದಳು. ಆನೆಮರಿ ಒಂದು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅದು ಅಮ್ಮ ಅಪ್ಪನಿಗೆ ಕಟ್ಟಿಕೊಡುವ ನೀಲಿ ಮುಚ್ಚಳದ ಡಬ್ಬಿ.

"ಅಪ್ಪ ಗೇಟಿಂದ ಎಷ್ಟು ಹೊತ್ತಿಗೆ ನಡೆದು ಹೋಗ್ತಾರೆ?" ಎಂದು ಕೇಳಿದಳು.

ಆನೆಮರಿ ಡಬ್ಬಿಯನ್ನು ಮುಚ್ಚಲು ನೋಡಿದ, ಆಗಲಿಲ್ಲ. "ಹೇಳ್ಬೇಡ ಅಂದಿದ್ರು ಮೇಡಂ."

"ಏನನ್ನ?"

"ನಡೆಯಲ್ಲ ಅವರು. ಆರೇಳು ತಿಂಗಳಾಯ್ತು. ಅರ್ಧ ದಾರಿಗೇ ಏದುಸಿರು ಬರುತ್ತೆ ಅಂತ, ನಾನೇ ಬಾಗಿಲವರೆಗೂ ಬಿಟ್ಟು ಬರ್ತೀನಿ. ಊಟಾನೂ..." ಅವನು ಡಬ್ಬಿಯ ಕಡೆ ನೋಡಿದ. "ಸೇರಲ್ಲ ಅಂತಾರೆ. ಚೆಲ್ಲಿದ್ರೆ ಅಮ್ಮಾವ್ರಿಗೆ ಬೇಜಾರಾಗುತ್ತೆ, ನೀನೇ ತಿನ್ನು ಅಂತಾರೆ. ನಂಗೇನು ಗೊತ್ತಿತ್ತು ಮೇಡಂ? ಸಕ್ಕರೆ ಬಿಟ್ಟೋರಲ್ವಾ, ಊಟಾನೂ ಬಿಟ್ಟಿರ್ಬೇಕು ಅಂದ್ಕೊಂಡೆ."

ಅವನನ್ನು ಬೈಯುವುದಕ್ಕೆ ಅವಳಿಗೆ ಮುಖವಿರಲಿಲ್ಲ. ಇವನಾದರೂ ದಿನಕ್ಕೆ ಎರಡು ಗಂಟೆ ನೋಡುವವನು. ಅವಳು ಅದೇ ಮನೆಯಲ್ಲಿ, ಅದೇ ಮೇಜಿನ ಎದುರು ಕೂತು ಉಣ್ಣುವವಳು, ಬೆಲ್ಟು ತಂದುಕೊಟ್ಟವಳು.

"ನಡೀರಿ, ಮೇಲೆ ಹೋಗೋಣ," ಎಂದಳು.

ಅಪ್ಪ ವಾಲುಕೋಣೆಯ ಬಾಗಿಲ ಪಕ್ಕ ಒಂದು ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ತೊಡೆಯ ಮೇಲೆ ದಪ್ಪ ರಿಜಿಸ್ಟರು. ಕೆಳಗೆ ಹಳ್ಳಿಯ ಚಾವಣಿಗಳು ಕಾಣುತ್ತಿದ್ದವು. ಯಾರದೋ ಮನೆಯ ಮುಂದೆ ಬಟ್ಟೆ ಒಣಗಲು ಹಾಕಿದ್ದರು. ಅವಳು ಬಂದದ್ದನ್ನು ನೋಡಿ, "ನಾನೇ ಬರೀತಿದ್ದೀನಿ," ಎಂದ. "ಹದಿನಾಲ್ಕು ತಿಂಗಳು ಹಾಳು ಮಾಡ್ಬಿಟ್ನಲ್ಲ. ಮೂವತ್ತು ವರ್ಷದಲ್ಲಿ ಒಂದು ತಪ್ಪು ಅಂಕ ಬರೆದಿರ್ಲಿಲ್ಲ ಕಣೆ. ಇನ್ನು ನನ್ನ ಅಳತೆ ಯಾರು ನಂಬ್ತಾರೆ?"

ರಿಜಿಸ್ಟರಿನಲ್ಲಿ ಅಪ್ಪನ ಗುಂಡು ಗುಂಡು ಅಕ್ಷರದಲ್ಲಿ ಹೀಗಿತ್ತು: 'ಮೇಲಿನ ಎಲ್ಲ ಅಳತೆಗಳಿಗೂ ತಿದ್ದುಪಡಿ ಬೇಕು. ಕಾರಣ, ವೀಕ್ಷಕನ ತೂಕ ಇಳಿದದ್ದು. ಬೆಟ್ಟದ ತಪ್ಪಿಲ್ಲ.' ಕೆಳಗೆ ಸಹಿ, ದಿನಾಂಕ.

ಅವಳು ಪಕ್ಕದಲ್ಲಿ ಕೂತು ಹೊಸ ನಕ್ಷೆಯನ್ನು ಆ ಪುಟದ ಮೇಲೆ ಬಿಡಿಸಿಟ್ಟಳು. ಅವನಿಗೆ ಗೆರೆ ಓದಲು ಬರುತ್ತಿತ್ತು. ಅವಳಿಗೆ ಕಲಿಸಿದವನೇ ಅವನು. ಅಪ್ಪ ಕನ್ನಡಕ ಏರಿಸಿ ಎಡದಿಂದ ಬಲಕ್ಕೆ ಬೆರಳು ಒಯ್ದ. ಗೆರೆ ಕಡಿದಾಗಿ ಇಳಿಯಲು ತೊಡಗುವ ಜಾಗದಲ್ಲಿ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ಇಲ್ಲಿಂದಲೇ," ಎಂದ. "ಹೊಟ್ಟೆ ಒಳಗೆ ಏನೋ ಕೂತ ಹಾಗೆ. ಎರಡು ತುತ್ತಿಗೇ ಸಾಕು ಅನ್ನಿಸೋದು."

"ಯಾಕಪ್ಪ ಹೇಳ್ಲಿಲ್ಲ?"

"ಎಲ್ಲರೂ ಭೇಷ್ ಭೇಷ್ ಅಂತಿದ್ರಲ್ಲಮ್ಮ. ಮೊದಮೊದಲು ನಂಗೂ ಖುಷಿನೇ ಆಗ್ತಿತ್ತು. ಆಮೇಲೆ ಹೇಳೋದಕ್ಕೆ ಭಯ ಆಯ್ತು. ಬೆಟ್ಟ ಬೇರೆ ಉಬ್ಬುತ್ತಾ ಇತ್ತು. ಇದೊಂದು ಮುಗೀಲಿ, ಆಮೇಲೆ ತೋರಿಸೋಣ ಅಂತ."

"ಬೆಟ್ಟಕ್ಕೇನೂ ಆಗಿಲ್ಲಪ್ಪ."

"ಹೂಂ," ಎಂದ ಅಪ್ಪ. "ಅದೇ ನೋಡು."

ಅವಳು ಅಪ್ಪನ ತೋಳು ಹಿಡಿದಳು. ಅಂಗಿಯೊಳಗೆ ಒಂದು ಬನಿಯನ್, ಅದರೊಳಗೆ ಇನ್ನೊಂದು. ಅದರೊಳಗೆ ಅಷ್ಟೇ ಅಷ್ಟು ತೋಳು. ಇಷ್ಟು ದಿನ ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎತ್ತ ನೋಡುತ್ತ ಕಾಯುತ್ತಿದ್ದೆ ಎಂದು ನೆನೆದು ಅವಳು ಅತ್ತಳು. ಅಪ್ಪ ಅವಳ ಬೆನ್ನು ತಟ್ಟುತ್ತ, ರಿಜಿಸ್ಟರಿನ ಮೇಲೆ ನೀರು ಬೀಳದಂತೆ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಶುಕ್ರವಾರದ ಸಭೆಗೆ ವರದಿಯನ್ನು ದೊಡ್ಡವರೇ ಓದಿದರು. ಅವಳು ಅಪ್ಪ ಅಮ್ಮನೊಂದಿಗೆ ಆಸ್ಪತ್ರೆಯಲ್ಲಿದ್ದಳು. ವೈದ್ಯೆ ಎಲ್ಲರನ್ನೂ ಕೇಳುವಂತೆ, "ಯಾವಾಗಿಂದ ತೂಕ ಇಳೀತಿದೆ?" ಎಂದು ಕೇಳಿದಳು. ಎಲ್ಲರೂ ಹೇಳುವಂತೆ ಕೆಲವು ತಿಂಗಳಿಂದ ಎಂದೇ ಉತ್ತರ ಬರುತ್ತದೆಂದುಕೊಂಡು ಪೆನ್ನು ಎತ್ತಿದ್ದಳು. ಮಗಳು ನಕ್ಷೆಯನ್ನು ಮೇಜಿನ ಮೇಲೆ ಇಟ್ಟಳು. ಭಾನುವಾರ ಬಿಟ್ಟು ದಿನಕ್ಕೊಂದು ಚುಕ್ಕೆ, ಹದಿನಾಲ್ಕು ತಿಂಗಳು, ಕಾಲು ಕೆಜಿಗೂ ಲೆಕ್ಕ.

"ಇದನ್ನ ಯಾವ ತಕ್ಕಡಿಯಲ್ಲಿ ತೂಗಿದ್ರಿ?" ಎಂದು ವೈದ್ಯೆ ಕೇಳಿದಳು.

"ಬೆಟ್ಟದಲ್ಲಿ," ಎಂದ ಅಪ್ಪ.

ಹೊಟ್ಟೆಯಲ್ಲಿ ಗಡ್ಡೆಯಿತ್ತು. ಇನ್ನೂ ಬೇರೆಡೆಗೆ ಹರಡಿರಲಿಲ್ಲ, ಹರಡುವ ಹೊಸ್ತಿಲಲ್ಲಿತ್ತು. ಗೆರೆ ಎಲ್ಲಿ ಕಡಿದಾಯಿತೆಂದು ನೋಡಿದ ವೈದ್ಯೆ ಒಂದು ದಿನವೂ ಕಾಯಲು ಬಿಡಲಿಲ್ಲ. ಮುಂದಿನ ವಾರವೇ ಶಸ್ತ್ರಕ್ರಿಯೆಯಾಯಿತು. ಆಮೇಲೆ ಔಷಧಿಯ ದಿನಗಳು, ವಾಂತಿಯ ದಿನಗಳು. ಅಮ್ಮ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿಟ್ಟಳು. "ಮೂರು ಸಲ ನನ್ನ ಕೈಯಾರೆ ಹೊಲಿದೆನಲ್ಲೇ," ಎಂದು ಒಂದೇ ಒಂದು ಸಲ ಹೇಳಿ, ಮತ್ತೆ ಆ ಮಾತು ತೆಗೆಯಲಿಲ್ಲ.

ವಾಲುಕೋಣೆಯ ಸಂದಿನಲ್ಲಿದ್ದ ಸಿಮೆಂಟನ್ನು ಯಾರೂ ತೆಗೆಯಲಿಲ್ಲ. ಕುಟ್ಟಿ ತೆಗೆದರೆ ಕಂಬ ಅಲುಗುತ್ತದೆ, ಹಿಂದಿನ ಅಳತೆಗೂ ಮುಂದಿನದಕ್ಕೂ ಕೊಂಡಿ ಕಳಚುತ್ತದೆ. ಹೊಸ ಯಂತ್ರ ಬಂದು ಕೆಲವು ತಿಂಗಳು ಜೊತೆಗೆ ಓಡುವವರೆಗೆ ಹಾಗೇ ಇರಲಿ ಎಂದರು ದೊಡ್ಡವರು. ಅಲ್ಲಿಯವರೆಗೆ ಅಳೆಯುವಾಗ ಚಪ್ಪಡಿಯ ಮೇಲೆ ತೊಂಬತ್ತೊಂದು ಕೆಜಿ ಇದ್ದರಾಯಿತು, ಯಾರೇ ನಿಲ್ಲಲಿ. ಬಾಗಿಲಲ್ಲಿ ಒಂದು ತೂಕದ ಯಂತ್ರ, ಒಂದು ತಗಡಿನ ಡಬ್ಬ, ಒಂದು ಮೂಟೆ ಮರಳು ಬಂತು. ಅವಳ ಐವತ್ತನಾಲ್ಕಕ್ಕೆ ಮೂವತ್ತೇಳು ಕೆಜಿ ಮರಳು. ದಿನಾ ಹತ್ತಕ್ಕೆ ಅವಳು ಆ ಡಬ್ಬವನ್ನು ಪಕ್ಕದಲ್ಲಿಟ್ಟುಕೊಂಡು ನಿಂತು ಓದುತ್ತಿದ್ದಳು. ಗೆರೆ ನೆಟ್ಟಗೆ ಮಲಗಿತ್ತು. ಮಧ್ಯಾಹ್ನ ಆಸ್ಪತ್ರೆಗೆ ಹೋದರೆ ಅಪ್ಪ ಮೊದಲು ಅದನ್ನೇ ಕೇಳುತ್ತಿದ್ದ. ಸೊನ್ನೆ ಎಂದರೆ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ಆಮೇಲೆ ದಾದಿ ಬಂದು ಅವನನ್ನು ತೂಗುತ್ತಿದ್ದಳು. ಆ ತೂಕದ ಗೆರೆಯನ್ನು ಮಗಳು ಯಾರಿಗೂ ತೋರಿಸದೆ ತನ್ನ ಪುಸ್ತಕದಲ್ಲಿ ಎಳೆಯುತ್ತಿದ್ದಳು. ಅರವತ್ತೆಂಟು. ಅರವತ್ತಾರು. ಅರವತ್ತನಾಲ್ಕೂವರೆ.

ಐದನೇ ತಿಂಗಳಲ್ಲಿ ಅಪ್ಪ ಕೆಲಸಕ್ಕೆ ಬಂದ. ವೈದ್ಯೆ ವಾರಕ್ಕೊಂದು ದಿನ ಎಂದು ಒಪ್ಪಿದ್ದಳು, ಅವನು ಗುರುವಾರ ಆರಿಸಿಕೊಂಡಿದ್ದ. ಆನೆಮರಿ ಬಾಗಿಲವರೆಗೆ ಜೀಪು ತಂದು, ಇಳಿಸಿ, ದೂರ ಹೋಗಿ ನಿಂತ. ಈಗ ಅವನು ಯಾರ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ತೂಕದ ಯಂತ್ರ ಹತ್ತಿದ. ಅರವತ್ತನಾಲ್ಕು. ಇಪ್ಪತ್ತೇಳು ಕೆಜಿ ಮರಳು ತೂಗಿ ಡಬ್ಬಕ್ಕೆ ಹಾಕಿದರು. ಅದರ ಮುಂದಿನ ಗುರುವಾರ ಅರವತ್ತಮೂರೂವರೆ. ಅವಳು ಅರ್ಧ ಕೆಜಿ ಹೆಚ್ಚಿಗೆ ಹಾಕಿದಳು. ಆಮೇಲಿನ ಗುರುವಾರವೂ ಅರವತ್ತಮೂರೂವರೆ. ಡಬ್ಬ ಹಾಗೇ ಇತ್ತು. ಮತ್ತೊಂದು ಗುರುವಾರ, ಮಗದೊಂದು ಗುರುವಾರ. ಅಪ್ಪ ಒಳಗೆ ಹೋಗುತ್ತಿದ್ದ, ಓದುತ್ತಿದ್ದ, ಬರೆಯುತ್ತಿದ್ದ.

ಆರನೇ ಗುರುವಾರ ಅಪ್ಪ ಯಂತ್ರದಿಂದ ಇಳಿದು ಮತ್ತೆ ಹತ್ತಿದ. ಮತ್ತೆ ಇಳಿದ. ಬೂಟು ಬಿಚ್ಚಿ, ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ, ಪೆನ್ನು, ಕರವಸ್ತ್ರ ಎಲ್ಲ ಅವಳ ಕೈಗೆ ಕೊಟ್ಟು ಮೂರನೇ ಸಲ ಹತ್ತಿದ. ಉಳಿದ ಗುರುವಾರಗಳಂದು ಅವನು ಬೂಟು ಬಿಚ್ಚಿಯೇ ತೂಗುತ್ತಿದ್ದ, ಇವತ್ತು ಮರೆತಿದ್ದ. ಮೂರೂ ಸಲ ಅವಳು ಅಂಕೆಯನ್ನು ನೋಡದೆ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಓದು," ಎಂದ ಅಪ್ಪ. "ನನ್ನ ಕಣ್ಣು ನಂಬೋ ಹಾಗಿಲ್ಲ. ನೀನು ಓದು."

ಅವಳು ಬಗ್ಗಿ ನೋಡಿದಳು. ಅರವತ್ತನಾಲ್ಕು.

ಅವಳು ನಾಲ್ಕು ಬೆರಳು ಎತ್ತಿ ತೋರಿಸಿದಳು. ಅಪ್ಪ ಯಂತ್ರದಿಂದ ಇಳಿದ. ಆಮೇಲೆ ಬರಿಗಾಲಲ್ಲೇ ಡಬ್ಬದ ಹತ್ತಿರ ಹೋಗಿ ಕೂತು, ಮುಚ್ಚಳ ತೆಗೆದು, ಬೊಗಸೆಯಲ್ಲಿ ಮರಳು ತೆಗೆದ. ತೂಗಿದ. ಚೂರು ಹೆಚ್ಚಾಯಿತೆಂದು ಚಿಟಿಕೆಯಷ್ಟು ವಾಪಸು ಹಾಕಿದ. ಅರ್ಧ ಕೆಜಿ ಸರಿಯಾಗಿ ಬಂದ ಮೇಲೆ ಅದನ್ನು ಮೂಟೆಗೆ ಸುರಿಯದೆ ಬಾಗಿಲಾಚೆ ತಂದು, ದಾರಿಯ ಪಕ್ಕ ಚೆಲ್ಲಿದ. ಕೈ ಕೊಡವಿಕೊಂಡ.

"ಬಾ, ಹತ್ತು ಗಂಟೆ ಆಯ್ತು," ಎಂದು ಒಳಗೆ ಹೋದ.

ಅವಳು ಅವನ ಬೂಟು, ಕನ್ನಡಕದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಹತ್ತು ನಿಮಿಷದ ಮೇಲೆ ಅವನು ತಿರುಪು ತಿರುಗಿಸುವ ಸದ್ದು ಕೇಳಿಸಿತು. ಬೆಟ್ಟ ಇದ್ದ ಹಾಗೇ ಇತ್ತು. ಅಪ್ಪ ಅರ್ಧ ಕೆಜಿ ಹೆಚ್ಚಾಗಿದ್ದ.